ತಣ್ಣೀರಿನ ಬೋಗುಣಿ

ಸಿಟ್ಟು ಬಂದಾಗ ಉದ್ದುದ್ದ ಮೆಸೇಜ್ ಕಳಿಸುವುದು, ಬೆಳಿಗ್ಗೆ ಎದ್ದು ಅಳುವುದು, ಇದು ನನ್ನ ಚಾಳಿ. ಥೆರಪಿಸ್ಟ್ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ (ಡಿಬಿಟಿ), ಅಂದರೆ ಉಕ್ಕಿಬರುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆ, ಶುರು ಮಾಡಿದರು. ಮೊದಲು ಕಲಿಸಿದ್ದು ತಣ್ಣೀರಿನ ಉಪಾಯ. ಉಸಿರು ಬಿಗಿಹಿಡಿದು ಬೋಗುಣಿಯ ನೀರಲ್ಲಿ ಸುಮಾರು 30 ಸೆಕೆಂಡ್ ಮುಖ ಮುಳುಗಿಸಬೇಕು. ಎದೆಬಡಿತ ನಿಧಾನವಾಗುತ್ತದೆ. (ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮಾಡಬೇಡಿ.) ಸುಮ್ನೆ ತಮಾಷೆ ಅಂದುಕೊಂಡಿದ್ದೆ. ಮೂರನೇ ಸಲಕ್ಕೆ ಫೋನ್ ಮರೆತೇಹೋಯಿತು.

ಡಿಬಿಟಿಯನ್ನು ರೂಪಿಸಿದವರು ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲೈನಹಾನ್. ತಾವೂ ಹರೆಯದಲ್ಲಿ ಮಾನಸಿಕವಾಗಿ ತುಂಬಾ ನರಳಿದ್ದನ್ನು 2011ರಲ್ಲಿ ಬಹಿರಂಗವಾಗಿ ಹೇಳಿದರು. ಅದನ್ನು ಓದಿ ನನಗೆ ನಂಬಿಕೆ ಜಾಸ್ತಿಯಾಯಿತು. ಡಿಬಿಟಿ ಹೇಳುವುದು ಇಷ್ಟೇ: ಇರುವ ಹಾಗೆ ನನ್ನನ್ನು ನಾನು ಒಪ್ಪಿಕೊಳ್ಳಬೇಕು, ಬದಲಾಗಲೂ ಬೇಕು. ವಿಚಿತ್ರ ಅಲ್ವಾ?

ಈ ಕ್ಷಣವನ್ನು ಗಮನಿಸುವುದು, ಭಾವನೆ ನಿಭಾಯಿಸುವುದು, ಜನರ ಹತ್ತಿರ ನೇರವಾಗಿ ಮಾತಾಡುವುದು, ಇವನ್ನೂ ಕಲಿಸುತ್ತಾರೆ. ಕೊನೆಯದು ನನಗಿನ್ನೂ ಕಷ್ಟ. ನಿನ್ನೆಯೂ "ಆಗಲ್ಲ" ಅನ್ನುವ ಬದಲು "ನೋಡೋಣ" ಅಂದೆ.