ಫ್ಲಾರೆನ್ಸ್‌ಗೆ ಹೊರಟವರಿಗೆ: ಸೋಮವಾರ ತಪ್ಪಿಸಿ, ಸಾನ್ ಮಾರ್ಕೊ ತಪ್ಪಿಸಬೇಡಿ

ಅಮ್ಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದವರು. ಯುರೋಪಿನ ಪುನರುಜ್ಜೀವನದ ಪಾಠವನ್ನು ವರ್ಷಾನುಗಟ್ಟಲೆ ಮಾಡಿದ್ದಾರೆ. ಆ ಪಾಠದ ಊರನ್ನು ಅವರಿಗೆ ತೋರಿಸಲೇಬೇಕು ಅಂತ ಇಟಲಿಗೆ ಕರೆದುಕೊಂಡು ಹೋದೆ. ರೋಮ್‌ನಿಂದ ಫಾಸ್ಟ್ ಟ್ರೈನಿನಲ್ಲಿ ಒಂದೂವರೆ ಗಂಟೆ. ಭಾನುವಾರ ರಾತ್ರಿ ಫ್ಲಾರೆನ್ಸ್ ಸೇರಿದೆವು.

ಬೆಳಗ್ಗೆ ಎದ್ದು ಉಫಿಜಿ ಗ್ಯಾಲರಿಗೆ ಹೋದರೆ ಬಾಗಿಲು ಹಾಕಿತ್ತು. ಸೋಮವಾರ ರಜೆ. ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾಕ್ಕೂ ಅವತ್ತೇ ರಜೆ. ನಮಗಿದ್ದದ್ದು ಮೂರೇ ದಿನ. ನೀವು ಹೋಟೆಲ್ ಬುಕ್ ಮಾಡುವ ಮೊದಲೇ ಇದನ್ನು ನೋಡಿಕೊಳ್ಳಿ.

ಸೋಮವಾರ ಅಲ್ಲೇ ಇರಬೇಕಾಗಿ ಬಂದರೆ ಉಫಿಜಿಯ ಬೆನ್ನಿಗೇ ಇರುವ ಗೆಲಿಲಿಯೊ ಮ್ಯೂಸಿಯಂಗೆ ಹೋಗಿ. (ಅದು ಮಂಗಳವಾರ ಮಾತ್ರ ಮಧ್ಯಾಹ್ನವೇ ಮುಚ್ಚುತ್ತದೆ.) 1610ರಲ್ಲಿ ಗೆಲಿಲಿಯೊ ಗುರುಗ್ರಹದ ಚಂದ್ರರನ್ನು ಕಂಡ ಮಸೂರ ಅಲ್ಲಿದೆ, ಬಿರುಕು ಬಿಟ್ಟಿದೆ. ಪಕ್ಕದಲ್ಲೇ ಅವನ ಬೆರಳನ್ನು ಗಾಜಿನೊಳಗೆ ಇಟ್ಟಿದ್ದಾರೆ. ಅಲ್ಲಿನ ಚರ್ಚುಗಳಲ್ಲಿ ಸಂತರ ಮೂಳೆಗಳನ್ನು ಇಡುವುದು ಹೀಗೆಯೇ. ಅದೇ ಕ್ಯಾಥೊಲಿಕ್ ಧರ್ಮಸಂಸ್ಥೆ 1633ರಲ್ಲಿ ಇವನನ್ನು ವಿಚಾರಣೆಗೆ ನಿಲ್ಲಿಸಿತ್ತು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂದಿದ್ದಕ್ಕೆ ಸಾಯುವ ತನಕ ಗೃಹಬಂಧನ. ಅಮ್ಮ ಆ ಬೆರಳಿನ ಮುಂದೆ ತುಂಬಾ ಹೊತ್ತು ನಿಂತಿದ್ದರು.

ಅಲ್ಲಿಂದ ಸಾಂತಾ ಕ್ರೋಚೆ ಚರ್ಚಿಗೆ ನಡೆದೇ ಹೋಗಬಹುದು. 1642ರಲ್ಲಿ ತೀರಿಕೊಂಡ ಗೆಲಿಲಿಯೊಗೆ ಇಲ್ಲಿ ತಕ್ಕ ಸಮಾಧಿ ಸಿಕ್ಕಿದ್ದು 1737ರಲ್ಲಿ! ಎದುರಿಗೇ ಮೈಕೆಲಾಂಜೆಲೊ ಸಮಾಧಿ. 1564ರ ಫೆಬ್ರವರಿಯಲ್ಲಿ ಗೆಲಿಲಿಯೊ ಹುಟ್ಟಿದ ಮೂರು ದಿನಕ್ಕೆ ಮೈಕೆಲಾಂಜೆಲೊ ತೀರಿಕೊಂಡ. ಚರ್ಚುಗಳಿಗೆ ಹೋಗುವಾಗ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಬೇಸಿಗೆಯಲ್ಲಿ ಒಂದು ಶಾಲು ಬ್ಯಾಗಿನಲ್ಲಿದ್ದರೆ ಸಾಕು.

ದೊಡ್ಡ ಕೆಥೆಡ್ರಲ್‌ನ ಗುಮ್ಮಟ ಹತ್ತುವುದಾದರೆ ಮೊದಲೇ ಸಮಯ ಕಾಯ್ದಿರಿಸಿ. ಟಿಕೆಟನ್ನು ಕೆಥೆಡ್ರಲ್‌ನ ಸ್ವಂತ ವೆಬ್‌ಸೈಟಿನಲ್ಲೇ ಕೊಳ್ಳಿ. ನಾನು ಆತುರದಲ್ಲಿ ಬೇರೆ ಕಡೆ ತಗೊಂಡು ಜಾಸ್ತಿ ದುಡ್ಡು ಕೊಟ್ಟೆ. 463 ಮೆಟ್ಟಿಲು, ಲಿಫ್ಟ್ ಇಲ್ಲ, ದಾರಿ ಇಕ್ಕಟ್ಟು. ಮಂಡಿನೋವು ಇರುವವರು ಬೇಡ. ಅಮ್ಮ ಕೆಳಗೇ ಕೂತರು. ಕೆಥೆಡ್ರಲ್‌ನ ನೆತ್ತಿಯಲ್ಲಿ ನಲವತ್ತು ಮೀಟರಿಗೂ ಅಗಲದ ತೆರೆದ ಜಾಗವನ್ನು ಹೇಗೆ ಮುಚ್ಚುವುದು ಅಂತ ಗೊತ್ತಾಗದೆ ಎಷ್ಟೋ ವರ್ಷ ಹಾಗೇ ಬಿಟ್ಟಿದ್ದರು. 1420ರಲ್ಲಿ ಬ್ರುನೆಲೆಸ್ಕಿ ಕೆಲಸ ಶುರು ಮಾಡಿ 1436ಕ್ಕೆ ಮುಗಿಸಿದ. ನೆಲದಿಂದ ಮರದ ಆಧಾರ ಕೊಡದೆ, ಒಂದರೊಳಗೆ ಒಂದು ಎರಡು ಗುಮ್ಮಟ ಕಟ್ಟಿದ. ನೀವು ಹತ್ತುವುದು ಆ ಎರಡರ ನಡುವಿನ ಸಂದಿಯಲ್ಲಿ. ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿದ ಇಟ್ಟಿಗೆ ಹುಡುಕಿ ನೋಡಿ. ಕಟ್ಟುವಾಗ ಗೋಡೆ ಜಾರದಂತೆ ಹಿಡಿದದ್ದು ಆ ಜೋಡಣೆಯೇ.

ಈಗ ಸಾನ್ ಮಾರ್ಕೊ. ಡೇವಿಡ್ ನೋಡಿದವರು ಐದು ನಿಮಿಷ ನಡೆದರೆ ಈ ಹಳೆಯ ಸನ್ಯಾಸಿ ಮಠ ಸಿಗುತ್ತದೆ. ಹೆಚ್ಚಿನವರು ಹೋಗುವುದೇ ಇಲ್ಲ, ನನಗೆ ಅದು ಬೇಸರ. ಬೆಳಗ್ಗೆಯೇ ಹೋಗಿ, ಬೇಗ ಮುಚ್ಚುತ್ತದೆ. ಮೆಟ್ಟಿಲು ಹತ್ತಿದ ಕೂಡಲೇ ಎದುರಿಗೆ ಫ್ರಾ ಆಂಜೆಲಿಕೊ ಬರೆದ ಚಿತ್ರ: ದೇವದೂತ ಬಂದು ಮೇರಿಗೆ ಸುದ್ದಿ ಹೇಳುವುದು. ಆಮೇಲೆ ಸಾಲಾಗಿ ಪುಟ್ಟ ಕೋಣೆಗಳು. ಒಂದೊಂದರಲ್ಲೂ ಒಂದು ಗೋಡೆಚಿತ್ರ, ಒಳಗಿದ್ದ ಸನ್ಯಾಸಿ ಒಬ್ಬನೇ ನೋಡಿ ಪ್ರಾರ್ಥಿಸಲಿ ಅಂತ. ಅದೇ ಮಹಡಿಯಲ್ಲಿ ಗ್ರೀಕ್, ಲ್ಯಾಟಿನ್ ಹಸ್ತಪ್ರತಿಗಳಿದ್ದ ಗ್ರಂಥಾಲಯ. ಖರ್ಚು ಕೊಟ್ಟದ್ದು ಬ್ಯಾಂಕ್ ನಡೆಸುತ್ತಿದ್ದ ಕೊಸಿಮೊ ಮೆಡಿಚಿ. ಅದೇ ಮಹಡಿಯ ಕೊನೆಯಲ್ಲಿ ಸವೊನಾರೋಲನ ಕೋಣೆ. ಈ ಮಠದ ಮುಖ್ಯಸ್ಥ. ಚರ್ಚು ಕೆಟ್ಟಿದೆ ಅಂತ ಗುಡುಗಿದವನು. 1497ರಲ್ಲಿ ಕನ್ನಡಿ, ಚಿತ್ರ, ಇಸ್ಪೀಟ್ ಎಲೆಗಳನ್ನೆಲ್ಲ ರಾಶಿ ಹಾಕಿಸಿ ಸುಡಿಸಿದ. ಮರುವರ್ಷ ಅವನನ್ನೇ ನೇಣಿಗೆ ಹಾಕಿ ಸುಟ್ಟರು. ಸಿನ್ಯೋರಿಯಾ ಚೌಕದ ನೆಲದಲ್ಲಿ ಆ ಜಾಗಕ್ಕೆ ದುಂಡನೆಯ ಕಲ್ಲಿದೆ. ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ ದನಿ ಎತ್ತಿದ್ದು ಅದಾಗಿ 19 ವರ್ಷಕ್ಕೆ. ಚಿತ್ರ, ಪುಸ್ತಕ, ಭಕ್ತಿ, ಸಿಟ್ಟು ಎಲ್ಲವೂ ಒಂದೇ ಮಹಡಿಯಲ್ಲಿ. "ಪಾಠದಲ್ಲಿ ಇವನ್ನೆಲ್ಲ ಬೇರೆ ಬೇರೆ ಪಾಯಿಂಟ್ ಮಾಡಿ ಬರೆಸ್ತಿದ್ದೆ ಕಣೋ" ಅಂದರು ಅಮ್ಮ.

ಊಟಕ್ಕೆ ಸಸ್ಯಾಹಾರಿಗಳು ರಿಬೊಲ್ಲಿತಾ ಕೇಳಿ. ಬ್ರೆಡ್, ಬೀನ್ಸ್, ಸೊಪ್ಪು ಹಾಕಿದ ಗಟ್ಟಿ ಸಾರು. "ಸೆನ್ಸಾ ಕಾರ್ನೆ" ಅಂದರೆ ಮಾಂಸ ಬೇಡ ಅಂತ. ಸಾರಿಗೆ ಮಾಂಸದ ನೀರು ಹಾಕಿದ್ದಾರಾ ಅಂತಲೂ ಕೇಳಿ. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಉಪ್ಪಿನಕಾಯಿ ಇದ್ದರೆ ಒಳ್ಳೆಯದು.

ಹೊರಡುವ ದಿನಕ್ಕೆ ಸಾಂತಾ ಮರಿಯಾ ನೊವೆಲ್ಲಾ ಚರ್ಚು ಉಳಿಸಿಕೊಳ್ಳಿ. ರೈಲ್ವೆ ಸ್ಟೇಷನ್ ಎದುರಿಗೇ ಇದೆ, ಲಗೇಜ್ ಸ್ಟೇಷನ್ನಿನಲ್ಲಿ ಇಡಬಹುದು. ಒಳಗೆ ಮಸಾಚೊ ಬರೆದ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ) ಚಿತ್ರ ಇದೆ. ಸ್ವಲ್ಪ ದೂರ ನಿಂತು ನೋಡಿ, ಗೋಡೆಯೊಳಗೆ ಇನ್ನೊಂದು ಕೋಣೆ ಇದೆಯೇನೋ ಅನ್ನಿಸುತ್ತದೆ. ಪೋಪ್ ನಾಲ್ಕನೇ ಯುಜೀನ್ ಫ್ಲಾರೆನ್ಸ್‌ನಲ್ಲಿದ್ದಾಗ ಈ ಚರ್ಚಿಗೆ ಸೇರಿದ ಮಠದಲ್ಲೇ ಇಳಿದುಕೊಂಡಿದ್ದ. ಅವನ ಕಾರ್ಯದರ್ಶಿ ಪೊಜ್ಜೊ, ವೆನಿಸ್ ಕಡೆಯ ನಿಕೊಲೊ ಕೊಂಟಿಯ ಬಾಯಿಂದ ದೇಶ ಸುತ್ತಿದ ಕಥೆ ಕೇಳಿ ಬರೆದಿಟ್ಟ. ಕೊಂಟಿ ಸುಮಾರು 1420ರಲ್ಲಿ ನೋಡಿದ್ದು ನಮ್ಮ ವಿಜಯನಗರವನ್ನು. ಬ್ರುನೆಲೆಸ್ಕಿ ಗುಮ್ಮಟಕ್ಕೆ ಕೈ ಹಾಕಿದ ಕಾಲ. ಇದನ್ನು ಹೇಳಿದಾಗ ಅಮ್ಮ ಟ್ರೈನಿಗೆ ಟೈಮ್ ಆಯ್ತು ಅಂದರೂ ಏಳಲಿಲ್ಲ. ಕಡೇಪಕ್ಷ ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಂಡು ಹೋಗಿ.