ಅದೇ ಬೇಕೋ, ಅಂಥದ್ದು ಬೇಕೋ?

ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ನನ್ನ ಕೆಲಸ ಕಾಗದದ್ದು. ಖರೀದಿದಾರರು ಇಂಗ್ಲಿಷಿನಲ್ಲಿ ಕಳಿಸುವ ಮೇಲ್ ಓದಿ, ಅದರಲ್ಲಿರುವುದನ್ನು ಕನ್ನಡದಲ್ಲಿ ಚೀಟಿ ಬರೆದು ಕಟಿಂಗ್, ಹೊಲಿಗೆ, ವಾಷಿಂಗ್‌ನವರಿಗೆ ಕೊಡಬೇಕು. ಒಂಬತ್ತು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಮೊದಲ ವರ್ಷ ನಾನು ಬರೆದ ಒಂದು ಪದದಿಂದ 600 ಪ್ಯಾಂಟುಗಳ ಗುಂಡಿ ಕಿತ್ತು ಬೇರೆ ಹಾಕಬೇಕಾಯಿತು. ಆ ಪದ ಇಂಗ್ಲಿಷಿನದ್ದಲ್ಲ, ಕನ್ನಡದ್ದು: ‘ಹಾಗೆ’.

ಮೇಲ್‌ನಲ್ಲಿ ಎರಡು ಸಾಲುಗಳಿದ್ದವು. ಗುಂಡಿ, ರಿವೆಟ್, ಜಿಪ್ ‘ಸೇಮ್ ಆ್ಯಸ್ ಸ್ಯಾಂಪಲ್’. ವಾಷ್, ಅಂದರೆ ತೊಳೆದು ಬಣ್ಣ ಮಾಸಿಸುವುದು, ‘ಸಿಮಿಲರ್ ಟು ಸ್ಯಾಂಪಲ್’. ನಾನು ಎರಡಕ್ಕೂ ‘ಸ್ಯಾಂಪಲ್ ಹಾಗೆ’ ಎಂದು ಬರೆದು ಚೀಟಿ ದಾಟಿಸಿದೆ. ಗುಂಡಿ ತರುವವರು ಅದೇ ಅಳತೆಯ, ಅದೇ ತಾಮ್ರದ ಬಣ್ಣದ ಗುಂಡಿ ತಂದರು. ಸ್ಯಾಂಪಲ್ ಗುಂಡಿಯ ಅಂಚಿನಲ್ಲಿ ಹುರಿಹಗ್ಗದಂಥ ಸಣ್ಣ ಗೆರೆಯಿತ್ತು, ಇವರು ತಂದದ್ದರ ಅಂಚು ನುಣುಪಾಗಿತ್ತು, ಅಷ್ಟೇ. ಚೀಟಿಯಲ್ಲಿ ‘ಹಾಗೆ’ ಎಂದಿತ್ತು, ಗುಂಡಿ ಹಾಗೆಯೇ ಇತ್ತು. ಅವರದೇನು ತಪ್ಪು?

ಇತ್ತ ವಾಷಿಂಗ್‌ನಲ್ಲಿ ಬೇರೆಯದೇ ಪಾಡು. ಅಲ್ಲಿನ ಕೆಲಸ ನೋಡಿಕೊಳ್ಳುವ ಮಾಸ್ಟರ್, ಸ್ಯಾಂಪಲ್ ಪ್ಯಾಂಟನ್ನು ಕಿಟಕಿಗೆ ನೇತುಹಾಕಿ, ಪ್ರತಿ ಲಾಟ್ ಹೊರಬಂದಾಗಲೂ ಒಂದು ಪೀಸನ್ನು ಪಕ್ಕದಲ್ಲಿ ಹಿಡಿದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮತ್ತೆ ಯಂತ್ರಕ್ಕೆ ಹಾಕುತ್ತಿದ್ದರು. ಮೂರು ದಿನ ಹೀಗೇ ನಡೆಯಿತು. ಕೆಲವು ಪೀಸ್‌ಗಳು ಸ್ಯಾಂಪಲ್‌ಗಿಂತ ಬಿಳಿಚಿಕೊಂಡವು.

ಮೂರನೆಯ ದಿನ ಸಂಜೆ ಅವರು ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ನನ್ನ ಮೇಜಿನ ಮುಂದೆ ನಿಂತರು. “ಅದೇ ಬೇಕೋ, ಅಂಥದ್ದು ಬೇಕೋ? ಅದೊಂದು ಹೇಳಮ್ಮ, ಸಾಕು.”

ಮೇಲ್ ತೆಗೆದು ಮತ್ತೆ ಓದಿದೆ. ಅಂಥದ್ದು ಬೇಕಾಗಿತ್ತು. ಅವರು ಸಿಟ್ಟಾಗಲಿಲ್ಲ, ಕುಳಿತು ವಿವರಿಸಿದರು. ಡೆನಿಮ್‌ನಲ್ಲಿ ನೀಲಿ ಇರುವುದು ಉದ್ದಕ್ಕೆ ಓಡುವ ಹಾಸು ನೂಲಿನ ಹೊರಮೈಯಲ್ಲಿ ಮಾತ್ರ. ನೂಲಿನ ಒಡಲು ಬಿಳಿ, ಅಡ್ಡಕ್ಕೆ ಹೋಗುವ ಹೊಕ್ಕು ನೂಲಂತೂ ಪೂರ್ತಿ ಬಿಳಿ. ಕಲ್ಲು ಹಾಕಿ ಉಜ್ಜಿದಂತೆ ಮೇಲಿನ ನೀಲಿ ಸವೆದು ಒಳಗಿನ ಬಿಳಿ ಇಣುಕುತ್ತದೆ. ಎಷ್ಟು ಸವೆಯುತ್ತದೆ ಎಂಬುದು ಕಲ್ಲಿನ ಗಾತ್ರ, ಯಂತ್ರ ತಿರುಗಿದ ಹೊತ್ತು, ಬಟ್ಟೆಯ ರೋಲು ಎಲ್ಲವನ್ನೂ ಅವಲಂಬಿಸಿದೆ. ಒಂದೇ ಲಾಟ್‌ನ ಎರಡು ಪ್ಯಾಂಟುಗಳೇ ಅಚ್ಚು ಹೊಡೆದಂತೆ ಇರುವುದಿಲ್ಲ. ಅದಕ್ಕೇ ತಿಳಿದ ಖರೀದಿದಾರರು ವಾಷ್‌ಗೆ ‘ಸೇಮ್’ ಎನ್ನುವುದಿಲ್ಲ. ತಿಳಿ, ನಡು, ಗಾಢ ಎಂದು ಮೂರು ಪೀಸ್ ಒಪ್ಪಿ, ಇವುಗಳ ನಡುವೆ ಎಲ್ಲಿದ್ದರೂ ಸರಿ ಎನ್ನುತ್ತಾರೆ. ಗುಂಡಿ ಹಾಗಲ್ಲ. ಅದು ಒಂದೇ ಅಚ್ಚಿನಲ್ಲಿ ಬರುವ ಲೋಹ. ಅಲ್ಲಿ ‘ಅದೇ’ ಎಂದರೆ ಅದೇ.

ಖರೀದಿದಾರರು ಇಷ್ಟು ಯೋಚಿಸಿ ಎರಡು ಪದ ಬಳಸಿದ್ದರು. ನಾನು ಎರಡನ್ನೂ ಒಂದು ಮಾಡಿದ್ದೆ. ಕನ್ನಡದಲ್ಲಿ ಪದವಿಲ್ಲ ಎಂದು ಯಾರೂ ಹೇಳಬಾರದು. ‘ಅದೇ’, ‘ಅಂಥದ್ದೇ’, ‘ಅಂಥದ್ದು’, ‘ಹೆಚ್ಚುಕಡಿಮೆ ಅಂಥದ್ದು’: ಇಂಗ್ಲಿಷಿನ ಸೇಮ್, ಸಿಮಿಲರ್‌ಗಳಿಗಿಂತ ನಮ್ಮ ಮೆಟ್ಟಿಲುಗಳೇ ಹೆಚ್ಚು. ನಾನು ಬಳಸಲಿಲ್ಲ, ಅಷ್ಟೇ.

ಅಂದಿನಿಂದ ಹೋಲಿಕೆಯ ಪದ ಕಂಡಲ್ಲೆಲ್ಲ ನಿಂತು ಓದುತ್ತೇನೆ. ನಮ್ಮ ಕಚೇರಿಗಳಲ್ಲಿ ಎಲ್ಲರ ಕೈಯಲ್ಲೂ ಬರುವ ‘ಸೇಮ್ ಲೈಕ್’ ನೋಡಿ. ವ್ಯಾಕರಣ ತಪ್ಪು ಎಂಬುದು ಸಣ್ಣ ಮಾತು. ‘ಸೇಮ್’ ಎಂದರೆ ಅದೇ, ‘ಲೈಕ್’ ಎಂದರೆ ಅದರಂತೆ. ಎರಡನ್ನೂ ಒಟ್ಟಿಗೆ ಬರೆದರೆ ಓದುವವರು ಯಾವುದನ್ನು ನಂಬಬೇಕು? ಅದೇ ಆಗಿದ್ದರೆ ‘ಸೇಮ್ ಆ್ಯಸ್’, ಅಂಥದ್ದಾದರೆ ‘ಸಿಮಿಲರ್ ಟು’ ಅಥವಾ ಬರೀ ‘ಲೈಕ್’.

‘ಆ್ಯಸ್’ ಮತ್ತು ‘ಲೈಕ್’ ನನಗೆ ಬಹಳ ದಿನ ಕಾಡಿದವು. ಬಿಡಿಸಿಕೊಟ್ಟದ್ದು ಶಾಲೆಯ ಕನ್ನಡ ವ್ಯಾಕರಣ. ‘ಮುಖ ಕಮಲದಂತೆ ಅರಳಿತು’ ಎಂದರೆ ಉಪಮೆ. ಮುಖ ಬೇರೆ, ಕಮಲ ಬೇರೆ, ನಡುವೆ ‘ಅಂತೆ’ ಇದೆ. ‘ಮುಖಕಮಲ ಅರಳಿತು’ ಎಂದರೆ ರೂಪಕ; ಅಲ್ಲಿ ಎರಡೂ ಒಂದೇ. ‘ಲೈಕ್ ಎ ಟೇಲರ್’ ದರ್ಜಿಯಂತೆ ಕೆಲಸ ಮಾಡುವವನು, ಅವನು ದರ್ಜಿಯಲ್ಲ. ‘ಆ್ಯಸ್ ಎ ಟೇಲರ್’ ದರ್ಜಿಯಾಗಿ ದುಡಿಯುವವನು, ನಮ್ಮೂರಿನ ಕೌಲ್ ಬಜಾರಿನಲ್ಲಿ ಮಷೀನು ತುಳಿಯುವವನು. ‘ಅಂತೆ’ ಮತ್ತು ‘ಆಗಿ’ ಎಂದು ಹಿಡಿದುಕೊಂಡ ಮೇಲೆ ಈ ಬಳಕೆಯಲ್ಲಿ ನಾನು ಮತ್ತೆ ಎಡವಿಲ್ಲ.

ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗಿ ‘ನಾಟ್ ಆ್ಯಸ್ ಡಾರ್ಕ್ ಆ್ಯಸ್ ದ ಸ್ಯಾಂಪಲ್’ ಎಂಬುದನ್ನು ಓದಿ ‘ಗಾಢ ಬೇಡ, ಸ್ಯಾಂಪಲ್ ಹಾಗೆ ಇರಲಿ’ ಎಂದು ಬರೆದಿದ್ದಳು. ಅರ್ಥ ಅದಲ್ಲ, ಸ್ಯಾಂಪಲ್‌ಗಿಂತ ತಿಳಿಯಾಗಿರಲಿ ಎಂದು. ಎರಡು ‘ಆ್ಯಸ್’ ನಡುವೆ ಸಿಕ್ಕ ಗುಣ ಒಂದನ್ನೇ ಅದು ತೂಗುತ್ತದೆ, ‘ನಾಟ್’ ಬಂದರೆ ಆ ಗುಣ ಅಷ್ಟಿಲ್ಲ, ಕಡಿಮೆ ಎಂದಾಗುತ್ತದೆ. ಅವಳಿಗೆ ಬೈಯಲು ನನಗೆ ಮನಸ್ಸಾಗಲಿಲ್ಲ. ನನ್ನ 600 ಪ್ಯಾಂಟಿನ ಕಥೆ ಹೇಳಿದೆ.

‘ಸಚ್ ಆ್ಯಸ್’ ಕೂಡ ನೆನಪಿಟ್ಟುಕೊಳ್ಳಬೇಕಾದದ್ದು. ‘ಕಲರ್ಸ್ ಸಚ್ ಆ್ಯಸ್ ಬ್ಲ್ಯಾಕ್’ ಎಂದರೆ ಕಪ್ಪು ಖಂಡಿತ ಆ ಬಣ್ಣಗಳಲ್ಲಿ ಒಂದು. ‘ಕಲರ್ಸ್ ಲೈಕ್ ಬ್ಲ್ಯಾಕ್’ ಎಂದರೆ ಕಪ್ಪು ಸೇರಿರಬಹುದು, ಕಪ್ಪನ್ನು ಹೋಲುವ ಬಣ್ಣಗಳಷ್ಟೇ ಇರಬಹುದು. ‘ಲೈಕ್’ ಕಂಡರೆ ನಾನು ತಿರುಗಿ ಕೇಳುತ್ತೇನೆ. ‘ಕಂಪೇರ್ ಟು’, ‘ಕಂಪೇರ್ ವಿತ್’ ಈಗ ಅನೇಕರು ಒಂದೇ ಎಂಬಂತೆ ಬಳಸುತ್ತಾರೆ; ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹೇಳಲು ಮೊದಲನೆಯದು, ಎರಡನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಲು ಎರಡನೆಯದು ಎಂಬ ಹಳೆಯ ಭೇದವನ್ನು ನಾನು ಉಳಿಸಿಕೊಂಡಿದ್ದೇನೆ. ಮಾಸ್ಟರ್ ಕಿಟಕಿಯಲ್ಲಿ ಮಾಡುತ್ತಿದ್ದದ್ದು ‘ವಿತ್’.

ಈಗ ನಮ್ಮ ಚೀಟಿಯಲ್ಲಿ ಪ್ರತಿ ಸಾಮಾನಿನ ಎದುರು ಒಂದು ಕಲಂ ಇದೆ: ಅದೇ, ಅಂಥದ್ದು, ಅದಕ್ಕಿಂತ ಹೆಚ್ಚು, ಅದಕ್ಕಿಂತ ಕಡಿಮೆ. ಒಂದಕ್ಕೆ ಗುರುತು ಹಾಕದೆ ಚೀಟಿ ಕೆಳಗಿಳಿಯುವುದಿಲ್ಲ. ಮೊನ್ನೆ ಬಂದ ಮೇಲ್‌ನಲ್ಲಿ ತೊಡೆಯ ಭಾಗದ ಶೇಡ್ ‘ಕ್ಲೋಸ್ ಟು’ ಸ್ಯಾಂಪಲ್ ಇರಬೇಕೆಂದಿತ್ತು. ಹುಡುಗಿ ಪೆನ್ನು ಹಿಡಿದು ನಾಲ್ಕೂ ಮನೆಗಳ ಮೇಲೆ ಕೈಯಾಡಿಸಿ ನನ್ನ ಮುಖ ನೋಡಿದಳು. “ಅಕ್ಕಾ, ಎಷ್ಟು ಹತ್ತಿರ ಎಂದು ಕೇಳಲೇ?” ಕೇಳು ಎಂದೆ. ಮೂರು ಬಟ್ಟೆಯ ತುಂಡುಗಳು ಕೊರಿಯರ್‌ನಲ್ಲಿ ಬರುತ್ತಿವೆ ಎಂದು ನಿನ್ನೆ ಉತ್ತರ ಬಂದಿದೆ. ಮಾಸ್ಟರ್ ಕಿಟಕಿಯ ಹತ್ತಿರ ಇನ್ನೂ ಮೂರು ಮೊಳೆ ಹೊಡೆದಿದ್ದಾರೆ.