ಜಂಬೂರಿನ ಮನೆ, ಕುವೆಂಪುನಗರದ ಮಿಷನ್

ಆಗಸ್ಟ್ 9, 2025, ಶನಿವಾರ
ಮೈಸೂರು

ಧರಾಲಿಯ ವಿಡಿಯೋ ನೋಡಿದಾಗಿನಿಂದ ಮನಸ್ಸು ಸರಿಯಿಲ್ಲ. ಉತ್ತರಾಖಂಡದಲ್ಲಿ ಗಂಗೋತ್ರಿಗೆ ಹೋಗುವ ದಾರಿಯ ಊರು. ಮಂಗಳವಾರ ಮಧ್ಯಾಹ್ನ ಖೀರ್ ಗಂಗಾ ಹೊಳೆ ಗುಡ್ಡದ ಮೇಲಿಂದ ಕೆಸರು, ಬಂಡೆ ಹೊತ್ತು ನುಗ್ಗಿತು. ಹೋಟೆಲು, ಮನೆ ಎಲ್ಲ ನೋಡನೋಡುತ್ತಲೇ ಕೊಚ್ಚಿಹೋದವು. ಎದುರು ಗುಡ್ಡದವರು ಓಡಿ ಓಡಿ ಎಂದು ಕೂಗುತ್ತಾರೆ, ಶಿಳ್ಳೆ ಹೊಡೆಯುತ್ತಾರೆ. ಆ ಶಿಳ್ಳೆ ಕಿವಿಯಿಂದ ಹೋಗುತ್ತಿಲ್ಲ.

ಬೀದಿಯ ವಾಟ್ಸಾಪ್ ಗುಂಪಿನಲ್ಲೂ ಬೆಳಿಗ್ಗೆಯಿಂದ ಅದೇ ಮಾತು. ಹಳೆ ಬಟ್ಟೆ ಕೂಡಿಸಿ ಕಳಿಸೋಣ ಅಂತ ಮೂಲೆ ಮನೆಯವರು ಹಾಕಿದ್ದಾರೆ. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದಾರೆ.

ಸಂಜೆ ಸೀರೆಗೆ ಕುಚ್ಚು ಹಾಕಿಸಲು ಹೊಲಿಗೆ ಅಕ್ಕನ ಅಂಗಡಿಗೆ ಹೋದೆ. ಕಾಂಪ್ಲೆಕ್ಸ್ ಹಿಂದಿನದು, ಗೊತ್ತಲ್ವಾ. ವರಮಹಾಲಕ್ಷ್ಮಿ ನಿನ್ನೆ ಮುಗಿದಿದ್ದಕ್ಕೆ ಜನ ಇರಲಿಲ್ಲ. ಅಕ್ಕನ ಊರು ಕೊಡಗಿನ ಮಕ್ಕಂದೂರು ಕಡೆ. ಅದಕ್ಕೇ ಕೇಳಿದೆ, "ಬಟ್ಟೆ ಕಳಿಸೋಣ ಅಂತಿದ್ದಾರೆ ಅಕ್ಕ, ಏನಂತೀರಿ?"

ಮಿಷನ್ ನಿಲ್ಲಿಸಿದರು. "ಬೇಡ ಮೇಡಂ. ದಮ್ಮಯ್ಯ, ಬಟ್ಟೆ ಬೇಡ."

2018ರ ಆಗಸ್ಟಿನಲ್ಲಿ ಅವರ ಕಡೆ ಗುಡ್ಡಗಳು ಜಾರಿದಾಗ ಅಕ್ಕ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದವರು. ಜೋಡುಪಾಲದಲ್ಲಿ ಮಂಗಳೂರು ರಸ್ತೆಯೇ ಹೋಗಿತ್ತು. ಆದರೂ ಲಾರಿ ಲಾರಿ ಬಟ್ಟೆ ಬಂತಂತೆ. "ಜರಿ ಸೀರೆ, ಮಕ್ಕಳ ಬರ್ತ್‌ಡೇ ಫ್ರಾಕು. ಮಳೆ ಬಿಟ್ಟಿಲ್ಲ, ಒಣಗಿಸೋಕೆ ಜಾಗ ಇಲ್ಲ. ನಮಗೆ ಬೇಕಾಗಿದ್ದು ಒಳಬಟ್ಟೆ. ಹಂಚ್ತಾ ಇದ್ದವರೆಲ್ಲ ಗಂಡುಹುಡುಗರು. ಪ್ಯಾಡ್ ಬೇಕು ಅಂತ ಅವರ ಹತ್ರ ಹೇಗೆ ಕೇಳೋದು?"

ತೊಡಲು ಬಾರದ ರವಿಕೆಗಳಿಂದ ಹುಕ್ಕು, ಗುಂಡಿ ಬಿಚ್ಚಿ ಅಕ್ಕ ಒಂದು ಡಬ್ಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಕೈ ಸುಮ್ನೆ ಇದ್ದರೆ ತಲೆ ಕೆಡುತ್ತಿತ್ತು ಅಂದರು. ಡಬ್ಬಿ ಈಗಲೂ ಮಿಷನ್ ಪಕ್ಕದಲ್ಲೇ ಇದೆ. ಮುಚ್ಚಳ ತೆಗೆದು ತೋರಿಸಿದರು. ತುಕ್ಕು ಹಿಡಿದ ಹುಕ್ಕುಗಳು, ಒಂದಕ್ಕೊಂದು ಹೊಂದದ ಗುಂಡಿಗಳು. ಒಂದೆರಡಕ್ಕೆ ಕೆಂಪು ದಾರ ಇನ್ನೂ ಅಂಟಿಕೊಂಡಿತ್ತು.

"ನಿಜವಾಗಿ ಉಪಕಾರ ಮಾಡಿದವರು ಒಬ್ಬ ರಿಟೈರ್ಡ್ ಮೇಷ್ಟ್ರು. ಮೂಲೇಲಿ ಟೇಬಲ್ ಹಾಕ್ಕೊಂಡು ಕೂತಿರೋರು. ಪಹಣಿ, ರೇಷನ್ ಕಾರ್ಡ್, ಪಾಸ್‌ಬುಕ್ಕು, ಮಕ್ಕಳ ಮಾರ್ಕ್ಸ್ ಕಾರ್ಡು, ಎಲ್ಲ ಮಣ್ಣಲ್ಲಿ. ನಾವು ಯಾರು ಅನ್ನೋದಕ್ಕೇ ಕಾಗದ ಇಲ್ಲ. ಒಂದೊಂದು ಅರ್ಜೀನೂ ಅವರೇ ಬರೆದುಕೊಟ್ಟರು."

ಮನೆ ಸಿಗುವ ತನಕ ಸರ್ಕಾರದಿಂದ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಹಣ ಬಂತು. ಆಮೇಲೆ ಕೊಡಗಿನಲ್ಲೇ ಜಂಬೂರಿನಲ್ಲಿ ಎರಡು ರೂಮಿನ ಮನೆಯೂ ಸಿಕ್ಕಿತು. ಅತ್ತೆ ಮಾವ ಅಲ್ಲೇ ಇದ್ದಾರೆ. ಹಾಗಾದ್ರೆ ನೀವ್ಯಾಕೆ ಇಲ್ಲಿಗೆ ಬಂದ್ರಿ ಅಂದೆ.

"ಮನೆ ಸಿಕ್ತು ಮೇಡಂ, ಗಿರಾಕಿ ಸಿಗಲಿಲ್ಲ."

ಹೌದಲ್ವಾ. ಸಾಲಾಗಿ ಮನೆ ಕಟ್ಟಬಹುದು, ಊರನ್ನು ಹಾಗೆ ಕಟ್ಟಲು ಬರುವುದಿಲ್ಲ. ಹಬ್ಬಕ್ಕೆ ರವಿಕೆ ಕೊಡುತ್ತಿದ್ದವರು ದಿಕ್ಕಿಗೊಬ್ಬರಾಗಿದ್ದರು. ಮಾವನ ತೋಟ ಪಹಣಿಯಲ್ಲಿ ಇದೆ, ಗುಡ್ಡದ ಮೇಲೆ ಇಲ್ಲ. ಬೇರೆ ಕಡೆ ಕಾಫಿ ಗಿಡ ನೆಟ್ಟರೂ ಫಸಲು ಬರಲು ಮೂರು ನಾಲ್ಕು ವರ್ಷ ಬೇಕು. ಅಷ್ಟು ದಿನ ಏನು ತಿನ್ನಬೇಕು ಎಂದು ಕೇಳುವವರು ಆಗ ಯಾರೂ ಇರುವುದಿಲ್ಲ. ಲಾರಿಗಳೆಲ್ಲ ಮೊದಲ ಹದಿನೈದು ದಿನಕ್ಕೇ ಬಂದು ಹೋಗಿರುತ್ತವೆ. ನನಗೆ ತುಂಬ ಬೇಜಾರಾಗುವುದು ಇಲ್ಲೇ.

ಕೇರಳದ ವಯನಾಡಿನದೂ ಅದೇ ಕಥೆ. ಕಳೆದ ವರ್ಷ, 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು ಸತ್ತವರಲ್ಲಿ ನಮ್ಮ ಮಂಡ್ಯ, ಚಾಮರಾಜನಗರದವರೂ ಇದ್ದರು. ಟೀ ತೋಟದ ಕೆಲಸಕ್ಕೆ ಹೋಗಿ ಅಲ್ಲೇ ನೆಲೆ ನಿಂತ ಸಂಸಾರಗಳು. ಕಲ್ಪೆಟ್ಟಾದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಮನೆಗಳಿಗೆ ಅಡಿಗಲ್ಲು ಬಿದ್ದಿದ್ದು ಈ ಮಾರ್ಚಿನಲ್ಲಿ. ಎಸ್ಟೇಟಿನವರು ಕೆಲಸಗಾರರಿಗೆ ಕೊಟ್ಟ ಲೈನ್ ಮನೆಯಲ್ಲಿ ಇದ್ದವರ ಹೆಸರಲ್ಲಿ ಗೋಡೆಯೂ ಇಲ್ಲ, ನೆಲವೂ ಇಲ್ಲ. ಅವರಿಗೆ ಅರ್ಜಿ ಬರೆದುಕೊಡಲು ಒಬ್ಬ ಮೇಷ್ಟ್ರು ಸಿಕ್ಕಿರಲಪ್ಪ.

ಅಕ್ಕನಿಗೆ ಈ ಮಿಷನ್ ಕೊಡಿಸಿದ್ದು ಮೈಸೂರಿನ ಒಬ್ಬ ಹೆಂಗಸು. ಕೇಂದ್ರಕ್ಕೆ ಬಂದು, ನಿಮಗೆ ಏನು ಕೆಲಸ ಬರುತ್ತೆ ಅಂತ ಕೇಳಿದ್ದರಂತೆ. ಏನು ಬೇಕು ಅಂತ ಕೂಡ ಅಲ್ಲ, ಏನು ಬರುತ್ತೆ ಅಂತ. ಇದನ್ನು ಹೇಳುವಾಗ ಅಕ್ಕನ ಮುಖ ನೋಡಬೇಕಿತ್ತು!

ಕುಚ್ಚು ಬುಧವಾರಕ್ಕೆ ಕೊಡ್ತಾರಂತೆ.

ಮನೆಗೆ ಬಂದು ಗುಂಪಿನಲ್ಲಿ ಬರೆದೆ. ಬಟ್ಟೆ ಬೇಡ, ದುಡ್ಡು ಕೂಡಿಸೋಣ, ಅರ್ಧವನ್ನು ಆರು ತಿಂಗಳು ಬಿಟ್ಟು ಕಳಿಸೋಣ ಅಂತ. "ಆಮೇಲೆ ಯಾರು ನೆನಪಿಟ್ಟುಕೊಳ್ತಾರೆ?" ಎಂದು ಒಬ್ಬರು. ನಾನು ಇಟ್ಟುಕೊಳ್ತೀನಿ ಎಂದು ಬರೆದಿದ್ದೇನೆ. ಫೆಬ್ರವರಿ ಇರುವ ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಮೊಳೆಗೆ ಬಂದಿಲ್ಲ, ಡೈರಿಯ ಕೊನೆ ಪುಟದಲ್ಲಿ ಗುರುತು ಹಾಕಿದೆ.

ನಂಜನಗೂಡಿನ ನೆನಪೂ ಬಂತು. ಕಬಿನಿಯಿಂದ ಜಾಸ್ತಿ ನೀರು ಬಿಟ್ಟರೆ ಹದಿನಾರು ಕಾಲು ಮಂಟಪ ಮುಳುಗುತ್ತೆ, ಹೊಳೆ ಪಕ್ಕದ ಬೀದಿಗಳಿಗೂ ನೀರು ಬರುತ್ತೆ. 2018ರಲ್ಲೂ ಬಂತು, 2019ರಲ್ಲೂ ಬಂತು. ಆ ಮನೆಗಳವರು ಕಾಗದಪತ್ರ ಎಲ್ಲಿಡ್ತಾರೆ? ಅಟ್ಟದ ಮೇಲಾ, ಮಂಚದ ಕೆಳಗಿನ ಟ್ರಂಕಿನಲ್ಲಾ? ಅತ್ತಿಗೆ ಅಲ್ಲಿ ಸ್ವಸಹಾಯ ಸಂಘದಲ್ಲಿ ಇದ್ದಾರೆ. ಗಟ್ಟಿ ಪ್ಲಾಸ್ಟಿಕ್ ಕವರ್ ಕೊಡಿಸಿ, ಎಲ್ಲದರ ಫೋಟೋ ತೆಗೆದು ಮಕ್ಕಳ ಫೋನಿಗೆ ಕಳಿಸಿಡೋ ಹಾಗೆ ಮಾಡಿದರೆ... ನಾಳೆ ಭಾನುವಾರ, ಅತ್ತಿಗೆ ಮನೆಯಲ್ಲೇ ಇರ್ತಾರೆ. ಆದರೆ ಎಲ್ಲರ ಹತ್ರ ಅಂಥ ಫೋನ್ ಇರುತ್ತಾ, ಇಲ್ಲದವರಿಗೆ ಏನು ಮಾಡೋದು?